ಬೆಲ್ಲಕ್ಕೆ ಸಿಗದ ಧೂಳು

ಬೆಲ್ಲದ ಡಬ್ಬಿಯ ಮುಚ್ಚಳ ತೆರೆದರೆ ನನಗೆ ಒಂದು ಶುಕ್ರವಾರ ನೆನಪಾಗುತ್ತದೆ. ನಾನೂ ನನ್ನ ಗಂಡನೂ ಇಲ್ಲಿ ಗಲ್ಫಿನ ಮುಹರ್ರಕ್ ಮಾರುಕಟ್ಟೆಯಿಂದ ಅಂಜಲ್ ಮೀನು ಕೊಂಡು ಮನೆಗೆ ಬರುತ್ತಿದ್ದೆವು. ನಮ್ಮದು ಎರಡನೇ ಮಾಳಿಗೆ. ಮೊದಲನೇ ಮಾಳಿಗೆಯಲ್ಲಿ ಅವರು ನಿಂತರು. ಅಲ್ಲಿನ ಲಾಹೋರಿನವರ ಬಾಗಿಲ ಬಳಿ ತೂಗುಹಾಕಿದ್ದ ಗಿಳಿಯ ಪಂಜರವನ್ನು ನೋಡುತ್ತ ನಿಂತೇ ಇದ್ದರು.

"ಎಂತ, ಗಿಳಿಯ ಹತ್ರ ಮಾತುಕತೆಯಾ?" ಎಂದೆ.

"ಅದು ಉರ್ದು ಕಲಿತಿದೆ ಮಾರಾಯ್ತಿ. ನಿನಗಿಂತ ಚಂದ ಮಾತಾಡ್ತದೆ."

ಅಷ್ಟು ಹೇಳುವುದರೊಳಗೆ ಅವರು ಎರಡು ಸಲ ಉಸಿರೆಳೆದುಕೊಂಡರು. ನಾನು ನಗುತ್ತ ಮೇಲೆ ಹೋದೆ. ಮುಂದಿನ ವಾರ ಎಕ್ಸ್‌ರೇ ತೆಗೆಸಿದೆವು. ಶ್ವಾಸಕೋಶದಲ್ಲಿ ಕಲೆಗಟ್ಟಿದೆ, ಆಸ್ಬೆಸ್ಟಾಸ್ ಧೂಳಿನದು ಎಂದರು ಡಾಕ್ಟರು.

ಆ ಧೂಳು ಬಹಳ ಹಳೆಯದು. ಪ್ರಾಯದಲ್ಲಿ ಅವರು ಪಕ್ಕದ ಹಿದ್ ಬಂದರಿನ ಕಡೆ ಹಳೆಯ ಹಡಗುಗಳ ಕೊಳವೆಗಳಿಗೆ ಸುತ್ತಿದ್ದ ಆಸ್ಬೆಸ್ಟಾಸಿನ ಬಿಳಿ ಹೊದಿಕೆಯನ್ನು ಕಿತ್ತು ತೆಗೆಯುವ ಕೆಲಸ ಮಾಡುತ್ತಿದ್ದರು. ಕೆಲಸ ಮುಗಿದ ಮೇಲೆ ಎಲ್ಲರೂ ನೆಲ್ಲಿಕಾಯಿಯಷ್ಟು ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಎದೆಯ ಧೂಳನ್ನು ಬೆಲ್ಲ ಎಳೆದುಕೊಂಡು ಹೋಗುತ್ತದೆ ಎಂಬುದು ಅವರ ನಂಬಿಕೆ. ನಾನೂ ನಂಬಿದ್ದೆ. ಬುತ್ತಿಯಲ್ಲಿ ಅನ್ನ ಕಡಿಮೆಯಾದರೂ ಬೆಲ್ಲ ತಪ್ಪುತ್ತಿರಲಿಲ್ಲ.

ಆಮೇಲೆ ಅವರು ಸ್ಟೋರ್ ಕೆಲಸಕ್ಕೆ ಬಂದರು. ಅಲ್ಲಿ ಧೂಳಿರಲಿಲ್ಲ, ಆದರೆ ಬೆಲ್ಲದ ಅಭ್ಯಾಸ ಉಳಿಯಿತು. ಸಕ್ಕರೆ ಕಾಯಿಲೆ ಶುರುವಾದಾಗ ನಾನೇ ಅದನ್ನು ನಿಲ್ಲಿಸಿದೆ. ಅವರ ಕೈಗೆ ಸಿಗದಂತೆ ಡಬ್ಬಿಯನ್ನು ಹೊಲಿಗೆ ಮೆಷಿನಿನ ಹಿಂದೆ ಬಚ್ಚಿಟ್ಟೆ. ಕೆಲವು ವರ್ಷಗಳ ಬಳಿಕ ಈ ಎಕ್ಸ್‌ರೇ ಬಂತು. ಬೆಲ್ಲ ನಿಲ್ಲಿಸಿದ್ದರಿಂದಲೇ ಧೂಳು ಒಳಗೆ ಉಳಿಯಿತು ಎಂದು ನನ್ನ ಮನಸ್ಸು ಲೆಕ್ಕ ಹಾಕಿತು. ನಿಮಗೆ ನಗು ಬರಬಹುದು. ಹೋದ ವರ್ಷ ಅವರು ತೀರಿಕೊಳ್ಳುವವರೆಗೂ ಈ ಮಾತನ್ನು ನಾನು ಯಾರಿಗೂ ಹೇಳಲಿಲ್ಲ, ಅವರಿಗೂ.

ಮೊನ್ನೆ ಲವೀನಾ ತನ್ನ ಯೂನಿಫಾರ್ಮ್ ಸಡಿಲ ಮಾಡಿಸಲು ಬಂದಿದ್ದಳು. ನರ್ಸು, ನಮ್ಮ ಮಂಗಳೂರು ಕಡೆಯ ಹುಡುಗಿ. ಅಳತೆ ತೆಗೆಯುತ್ತ ಬೆಲ್ಲದ ವಿಷಯ ಕೊನೆಗೂ ಕೇಳಿಬಿಟ್ಟೆ.

"ಅಯ್ಯೋ ಆಂಟಿ, ಬೆಲ್ಲ ಹೋಗುವುದು ಹೊಟ್ಟೆಗೆ. ಧೂಳು ಇದ್ದದ್ದು ಶ್ವಾಸಕೋಶದಲ್ಲಿ. ನೀವು ಕೊಡ್ತಾ ಇದ್ದಿದ್ರೆ ಶುಗರ್ ಏರ್ತಿತ್ತು, ಅಷ್ಟೇ."

"ಮತ್ತೆ ಧೂಳಿನ ಕೆಲಸ ಬಿಟ್ಟು ಅಷ್ಟು ವರ್ಷ ಆದ ಮೇಲೆ ಯಾಕೆ ಹೆಚ್ಚಾಯ್ತು?"

ಅವಳು ಸ್ಟೂಲ್ ಎಳೆದುಕೊಂಡು ಕೂತಳು. ಒಳಗೆ ಬಂದ ಧೂಳನ್ನು ನುಂಗಿ ಶುಚಿ ಮಾಡುವ ಜೀವಕೋಶಗಳು ಶ್ವಾಸಕೋಶದಲ್ಲಿ ಇರುತ್ತವಂತೆ. ಆಸ್ಬೆಸ್ಟಾಸ್ ಎಳೆ ಸೂಜಿಯ ಹಾಗೆ ಉದ್ದ. ಅದನ್ನು ಪೂರ್ತಿ ನುಂಗಲೂ ಆಗುವುದಿಲ್ಲ, ಕರಗಿಸಲೂ ಆಗುವುದಿಲ್ಲ. ಹೆಣಗಾಡುವ ಜೀವಕೋಶಗಳು ಗ್ರೋತ್ ಫ್ಯಾಕ್ಟರ್ ಎಂಬ ಪ್ರೋಟೀನುಗಳನ್ನು ಬಿಡುತ್ತವೆ. ರಿಪೇರಿ ಮಾಡುವ ಬೇರೆ ಜೀವಕೋಶಗಳಿಗೆ ಅದು ಕರೆ ಇದ್ದಂತೆ. ಒಂದು ಪ್ರೋಟೀನು ಆ ಜೀವಕೋಶಗಳ ಸಂಖ್ಯೆ ಹೆಚ್ಚಿಸುತ್ತದೆ, ಇನ್ನೊಂದು ಅವುಗಳಿಂದ ನಾರು ನೇಯಿಸುತ್ತದೆ. ಇಂಥವು ಇನ್ನೂ ಇವೆಯಂತೆ. ಬೆರಳು ಕೊಯ್ದುಕೊಂಡಾಗಲೂ ಹೀಗೇ ಆಗುತ್ತದೆ, ಆದರೆ ಗಾಯ ಮಾಗಿದ ಮೇಲೆ ಕರೆ ನಿಲ್ಲುತ್ತದೆ. ಇಲ್ಲಿ ಸೂಜಿಯಂಥ ಎಳೆ ಹೋಗುವುದೇ ಇಲ್ಲ, ಹಾಗಾಗಿ ಕರೆಯೂ ನಿಲ್ಲುವುದಿಲ್ಲ.

"ನೀವು ಒಂದೇ ಜಾಗಕ್ಕೆ ದಿನಾ ರಫು ಮಾಡಿದ್ರೆ ಎಂತ ಆಗ್ತದೆ ಆಂಟಿ?"

"ಬಟ್ಟೆ ಹಲಗೆ ಆಗ್ತದೆ. ಹಿಗ್ಗುವುದಿಲ್ಲ."

"ಅದೇ. ಶ್ವಾಸಕೋಶ ಹಿಗ್ಗದಿದ್ರೆ ಉಸಿರು ಎಲ್ಲಿಂದ?"

ಟೇಪನ್ನು ಕೊರಳಿಗೆ ಹಾಕಿಕೊಂಡು ನಾನು ಕೇಳುತ್ತಲೇ ಹೋದೆ. ಆ ಕರೆಯನ್ನು ಯಾರೂ ನಿಲ್ಲಿಸಲಾರರೇ? ಕೆಲವರಿಗೆ ವೇಗ ತಗ್ಗಿಸುವ ಮಾತ್ರೆಗಳಿವೆಯಂತೆ, ಗಟ್ಟಿಯಾದದ್ದನ್ನು ಮತ್ತೆ ಮೆತ್ತಗೆ ಮಾಡುವ ಮದ್ದು ಇಲ್ಲವಂತೆ. ನನ್ನ ಗಂಡನ ಮೈ ಅಷ್ಟು ವರ್ಷ ಒಳಗೊಳಗೇ ದುಡಿಯುತ್ತಿತ್ತು, ವಾಸಿ ಮಾಡಬೇಕೆಂದೇ ದುಡಿಯುತ್ತಿತ್ತು. ಪಕ್ಕದಲ್ಲೇ ಮಲಗುತ್ತಿದ್ದ ನನಗೆ ಅದು ಗೊತ್ತಾಗಲಿಲ್ಲವಲ್ಲ ಎಂದು ಈಗಲೂ ಬೆರಗಾಗುತ್ತದೆ.

"ಹಾಗಾದ್ರೆ ನನ್ನಿಂದ ಆದದ್ದಲ್ಲ?"

"ಅಲ್ಲ ಆಂಟಿ. ಸೊಂಟಕ್ಕೆ ಎರಡು ಬೆರಳು ಸಡಿಲ ಬಿಡಿ, ಸಾಕು," ಎಂದಳು ಲವೀನಾ.

ಅವಳು ಹೋದ ಮೇಲೆ ಯೂನಿಫಾರ್ಮಿನ ಹೊಲಿಗೆ ಬಿಚ್ಚತೊಡಗಿದೆ. ಎದೆ ಹಗುರವಾಗಿತ್ತು. ಇದನ್ನೆಲ್ಲ ಕೇಳಿದ್ದರೆ ಅವರು, "ಇಷ್ಟು ದಿನ ಇದನ್ನು ಇಟ್ಟುಕೊಂಡು ಕೂತಿದ್ದೆಯಾ?" ಎನ್ನುತ್ತಿದ್ದರು. ಮಾತು ಹೀಗೇ ಇರುತ್ತಿತ್ತು ಎಂದು ಹೇಳಬಲ್ಲೆ. ಅವರ ಧ್ವನಿ ಮಾತ್ರ ನನಗೆ ಈಗ ನೆನಪಾಗುತ್ತಿಲ್ಲ.