ಸರಪಳಿ ಪ್ರಾರ್ಥನೆಯಲ್ಲಿ ನನ್ನ ಸರದಿ

ಅದು ಬಾಯಿ ತಪ್ಪಿ ಬಂದ ಮಾತಲ್ಲ, ಸುಗುಣಕ್ಕ. ಪ್ರೀತಿ ಉಕ್ಕಿ ಬಂದ ಮಾತೂ ಅಲ್ಲ. ಮಸ್ಕತ್ತಿನಲ್ಲಿ ಆ ಶುಕ್ರವಾರ ಸ್ತ್ರೀಯರ ಕೂಟದಲ್ಲಿ ನಿಮ್ಮ ಮಗಳು ಮೃದುಲಾಳ ಕಾಯಿಲೆಯನ್ನು ನಾನು ಪ್ರಾರ್ಥನೆಯೊಳಗೆ ಸೇರಿಸಿ ಹೇಳಿದ್ದು ಬೇಕೆಂದೇ. ಯಾರ ಕಿವಿಗೆ ಅದು ಬೀಳಬೇಕಿತ್ತೋ ಅವರು ನನ್ನೆದುರೇ ಕಣ್ಣು ಮುಚ್ಚಿ ಕೂತಿದ್ದಾರೆ ಎಂದು ಗೊತ್ತಿದ್ದೇ ಹೇಳಿದೆ. ಇಷ್ಟನ್ನು ಮೊದಲು ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೋದರೆ ನನ್ನ ನಾಲಿಗೆ ಮತ್ತೆ ಏನಾದರೂ ಚಂದದ ಮಾತು ಕಟ್ಟಿಬಿಡುತ್ತದೆ — ಅದರ ಮೇಲೆ ನನಗೇ ನಂಬಿಕೆ ಇಲ್ಲ.

ನೀವು ಇದನ್ನು ನಂಬಲಿಕ್ಕಿಲ್ಲ. ಇಷ್ಟು ವರ್ಷ ನೀವೇ ನನ್ನ ವಕೀಲರಾಗಿದ್ದಿರಿ. ಯಾರಾದರೂ ಆ ವಿಷಯ ಎತ್ತಿದರೆ, "ಪಾಪ ವಿಮಲಾ, ಮನಸ್ಸಿನಲ್ಲಿ ಇದ್ದದ್ದು ಬಾಯಿಗೆ ಬಂತು, ಅಷ್ಟೇ" ಎಂದು ನೀವೇ ಮುಂದಾಗಿ ಹೇಳಿದ್ದೀರಿ. ಹಾಗೆ ಹೇಳಿದಾಗಲೆಲ್ಲ ನಾನು ತಲೆ ತಗ್ಗಿಸಿ ಕೂತಿದ್ದೇನೆ. ನಾಚಿಕೆಯಿಂದ ಎಂದು ನೀವು ಅಂದುಕೊಂಡಿರಿ. ನಾಚಿಕೆಯೇ ಹೌದು, ಆದರೆ ನೀವು ಅಂದುಕೊಂಡ ಬಗೆಯದಲ್ಲ.

ಕೊಲ್ಲಿ ಯುದ್ಧ ಮುಗಿದ ವರ್ಷ ಅದು. ನಮ್ಮ ಸಭೆ ಎಂದರೆ ಎಷ್ಟು ಜನ? ಮಂಗಳೂರು, ಉಡುಪಿ, ಮೂಲ್ಕಿ ಕಡೆಯ ಬೆರಳೆಣಿಕೆಯ ಕನ್ನಡ ಪ್ರೊಟೆಸ್ಟೆಂಟ್ ಕುಟುಂಬಗಳು. ರುವಿ ಬಡಾವಣೆಯ ದೇವಾಲಯ ಎಲ್ಲರಿಗೂ ಒಂದೇ — ಇಂಗ್ಲಿಷಿನವರು ಎದ್ದ ಮೇಲೆ ಮಲಯಾಳಿಗಳು, ಅವರು ಎದ್ದ ಮೇಲೆ ತಮಿಳರು, ಎಲ್ಲರಾದ ಮೇಲೆ ನಾವು. ಶುಕ್ರವಾರವೇ ನಮ್ಮ ಭಾನುವಾರ. ನಾವು ಹೋಗಿ ಕೂರುವಾಗ ಬೆಂಚುಗಳು ಇನ್ನೂ ಬೆಚ್ಚಗಿರುತ್ತಿದ್ದವು, ಪಕ್ಕದ ಹಾಲಿನಲ್ಲಿ ಹಿಂದಿನವರ ಚಹಾದ ವಾಸನೆ ಇರುತ್ತಿತ್ತು. ಹಬ್ಬಕ್ಕೆ ಮುಂಚಿನ ಆಗಮನ ಕಾಲಕ್ಕೆ ಪೀಠದ ಮೇಲೆ ನೇರಳೆ ಬಟ್ಟೆ, ಕ್ರಿಸ್ಮಸ್ಸಿಗೆ ಬಿಳಿ — ಬಟ್ಟೆ ಬದಲಾಯಿಸುವ ಕೆಲಸ ಮಾತ್ರ ಯಾವ ಭಾಷೆಯವರದು ಎಂದು ಪ್ರತಿವರ್ಷ ಸಣ್ಣ ಜಗಳ. ಮೊದಲು ಇಸ್ತ್ರಿ ಮಾಡಿ ತಂದವರು ಗೆದ್ದ ಹಾಗೆ. ಹೆಚ್ಚಾಗಿ ಗೆಲ್ಲುತ್ತಿದ್ದದ್ದು ನೀವು.

ಬೆಳೆ ಹಬ್ಬವನ್ನು ನೆನೆಸಿದರೆ ಈಗಲೂ ನಗು ಬರುತ್ತದೆ. ಗದ್ದೆ ಇಲ್ಲ, ತೋಟ ಇಲ್ಲ, ಆದರೂ ಬೆಳೆಯ ಮೊದಲ ಪಾಲನ್ನು ದೇವರಿಗೆ ಒಪ್ಪಿಸಬೇಕು. ಬಾಲ್ಕನಿಯಲ್ಲಿ ಡಾಲ್ಡಾ ಡಬ್ಬಿಯೊಳಗೆ ಬೆಳೆಸಿದ ಕರಿಬೇವಿನ ಗಿಡ, ಸಲಾಲಾಕ್ಕೆ ಹೋದವರು ತಂದ ತೆಂಗಿನಕಾಯಿ, ಯಾರನ್ನೋ ಕೆಲಸಕ್ಕೆ ಕರೆಸಿಕೊಂಡ ಕಫೀಲ್ ಸಾಹೇಬರು ಪ್ರೀತಿಯಿಂದ ಕಳಿಸಿದ ಖರ್ಜೂರ — ಎಲ್ಲ ಪೀಠದ ಮುಂದೆ ಸಾಲಾಗಿ ಇಟ್ಟು, ಊರಿನ ಗದ್ದೆಯನ್ನೇ ಕೊಯ್ದು ತಂದವರಂತೆ ಹಾಡುತ್ತಿದ್ದೆವು. ಆ ಸಲದ ಬೆಳೆ ಹಬ್ಬದ ದಿನ ಎಮಿಲಿಯಮ್ಮ ನನ್ನನ್ನು ಹಾಲಿನ ಮೂಲೆಗೆ ಕರೆದು ಒಂದು ಲಕೋಟೆಯನ್ನು ಕೈಗಿಟ್ಟರು. ನಮ್ಮ ಸಭೆಗೆ ಅವರು ಹಿರಿಯರು, ಅವರ ಮಗ ರಂಜನ್ ಬ್ಯಾಂಕಿನಲ್ಲಿದ್ದ. ಲಕೋಟೆಯಲ್ಲಿ ಇದ್ದದ್ದು ನನ್ನ ತಂಗಿ ಲಲಿತಳ ಫೋಟೋ. ರಂಜನನಿಗೆ ನೋಡಲೆಂದು ಬೇಸಿಗೆಯಲ್ಲಿ ನಾನೇ ಊರಿನಿಂದ ತಂದುಕೊಟ್ಟದ್ದು.

"ಫೋಟೋ ಭಾರೀ ಚಂದ ಬಂದಿದೆ ವಿಮಲಾ," ಎಂದರು. ಅಷ್ಟೇ. ಅದಾದ ಮೇಲೆ ಊಟಕ್ಕೆ ಕೂರುವಾಗ ನಿಮ್ಮ ಮೃದುಲಾಳನ್ನು ಕರೆದು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಆ ಹುಡುಗಿ ಅವರ ತಟ್ಟೆಗೆ ಅನ್ನ ಬಡಿಸುವುದನ್ನು ನೋಡಿದಾಗ ನನಗೆ ಎಲ್ಲ ಗೊತ್ತಾಯಿತು. ಮನೆಗೆ ಹೋಗಿ ಲಲಿತಳಿಗೆ ಏನು ಬರೆಯುವುದೆಂದು ತಿಳಿಯದೆ ಅತ್ತೆ. ನನ್ನ ತಂಗಿಗೆ ಏನು ಕಡಿಮೆ ಇತ್ತು? — ಆ ಪ್ರಶ್ನೆ ಆಗಮನ ಕಾಲ ಪೂರ್ತಿ ನನ್ನ ಹೊಟ್ಟೆಯಲ್ಲಿ ಕೂತಿತ್ತು.

ಅದೇ ಹೊಟ್ಟೆಯನ್ನು ಇಟ್ಟುಕೊಂಡು ನಿಮ್ಮ ದಾರ್ಸೈತಿನ ಮನೆಗೆ ಕ್ರಿಸ್ಮಸ್ ತಿಂಡಿ ಮಾಡಲು ಬಂದೆ. ನೀವು ಅಚ್ಚಪ್ಪ ಬಿಡುತ್ತಿದ್ದಿರಿ, ನಾನು ಕಲ್ಕಲ್ ಸುತ್ತುತ್ತಿದ್ದೆ. ನೀವು ಅಚ್ಚನ್ನು ಎಣ್ಣೆಯಲ್ಲೇ ಬಿಟ್ಟು ನನ್ನ ಕಡೆ ತಿರುಗಿದಿರಿ.

"ನಿನ್ನ ಹತ್ರ ಮಾತ್ರ ಹೇಳುದು, ಆಯ್ತಾ? ಮೃದುಲಾನಿಗೆ ಸಣ್ಣದಿರುವಾಗ ಫಿಟ್ಸ್ ಬರ್ತಿತ್ತು ಮಾರಾಯ್ತಿ. ಹೈಸ್ಕೂಲಿಗೆ ಹೋದ ಮೇಲೆ ಒಂದು ಸಲ ಕೂಡ ಬರ್ಲಿಲ್ಲ. ಮಾತ್ರೆ ಮಾತ್ರ ನಿಲ್ಲಿಸ್ಲಿಕ್ಕಿಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ. ಎಮಿಲಿಯಮ್ಮನಿಗೆ ನಾನೇ ಹೋಗಿ ಹೇಳ್ಬೇಕು. ಅಡಗಿಸಿ ಮದುವೆ ಮಾಡುದು ಬೇಡ. ಹೇಗೆ ಹೇಳುದು ಅಂತ ಹೆದರಿಕೆ ಆಗ್ತದೆ, ಅಷ್ಟೇ."

ನಾನು ನಿಮ್ಮ ಕೈ ಹಿಡಿದು, "ಹೆದರ್ಬೇಡಿ ಅಕ್ಕ, ನಾನು ಪ್ರಾರ್ಥನೆ ಮಾಡ್ತೇನೆ" ಎಂದೆ. ಆ ಕ್ಷಣಕ್ಕೆ ಅದು ನಿಜವಾಗಿತ್ತೋ ಏನೋ — ಈಗ ಎಷ್ಟು ಕೆದಕಿದರೂ ಗೊತ್ತಾಗುವುದಿಲ್ಲ. ಒಂದು ಮಾತ್ರ ಗೊತ್ತು. ನೀವು ಯಾರಿಂದಲೂ ಏನನ್ನೂ ಮುಚ್ಚಿಡುವವರಾಗಿರಲಿಲ್ಲ. ಸತ್ಯ ಹೊರಗೆ ಬರಲಿ ಎಂದು ನಾನು ಹೇಳಿದೆ ಎಂದು ನೆಪ ಹೇಳುವ ದಾರಿ ಅಲ್ಲಿಗೇ ಮುಚ್ಚಿಹೋಗುತ್ತದೆ.

ಮತ್ತೆರಡು ವಾರಕ್ಕೆ ಸ್ತ್ರೀಯರ ಕೂಟ. ಕ್ರಿಸ್ಮಸ್ಸಿಗೆ ಮುಂಚಿನ ಕೂಟದಲ್ಲಿ ಸರಪಳಿ ಪ್ರಾರ್ಥನೆ ಇರುವುದು ವಾಡಿಕೆ. ಸುತ್ತಲೂ ಕುರ್ಚಿ ಹಾಕಿ, ಕೈ ಕೈ ಹಿಡಿದು, ಕಣ್ಣು ಮುಚ್ಚಿ, ಒಬ್ಬರಾದ ಮೇಲೆ ಒಬ್ಬರು ಗಟ್ಟಿಯಾಗಿ ಪ್ರಾರ್ಥಿಸಬೇಕು. ಮುಗಿಸಿದವರು ಪಕ್ಕದವರ ಕೈಯನ್ನು ಮೆಲ್ಲಗೆ ಒತ್ತಿದರೆ ಅವರ ಸರದಿ. ನನ್ನ ಬಲಕ್ಕೆ ನೀವು. ಎದುರಿಗೆ ಎಮಿಲಿಯಮ್ಮ. ನನ್ನ ಪ್ರಾರ್ಥನೆ ಚೆನ್ನಾಗಿರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ನಾನು ಬಾಯಿ ತೆರೆದರೆ ಮಕ್ಕಳೂ ಸುಮ್ಮನಾಗುತ್ತಾರೆ ಎಂದು ಸಭೆಯ ಪಾದ್ರಿ ಅಯ್ಯನವರೇ ಒಮ್ಮೆ ಹೊಗಳಿದ್ದರು. ಆ ನಿಶ್ಶಬ್ದದ ರುಚಿ ನನಗೆ ಹತ್ತಿತ್ತು. ಪ್ರಾರ್ಥನೆಯ ನಡುವೆ ಯಾರೂ ಬಾಯಿ ಹಾಕುವಂತಿಲ್ಲ. "ಅದು ಹಾಗಲ್ಲ" ಎನ್ನುವಂತಿಲ್ಲ. ಇದೂ ನನಗೆ ಗೊತ್ತಿತ್ತು.

ನಾನು ದೇಶಕ್ಕಾಗಿ ಬೇಡಿದೆ, ಸುಲ್ತಾನರಿಗಾಗಿ ಬೇಡಿದೆ, ಊರಿನಲ್ಲಿರುವ ನಮ್ಮ ತಂದೆತಾಯಂದಿರಿಗಾಗಿ ಬೇಡಿದೆ. ಆಮೇಲೆ ಸ್ವರವನ್ನು ಸ್ವಲ್ಪ ಇಳಿಸಿದೆ — ಸ್ವರ ಇಳಿಸಿದರೆ ಜನ ಕಿವಿ ಹೆಚ್ಚು ಕೊಡುತ್ತಾರೆ.

"ಕರ್ತನೇ, ನಮ್ಮ ಸಹೋದರಿ ಸುಗುಣಳ ಮಗಳನ್ನು ಬಾಲ್ಯದಿಂದಲೂ ಕಾಡುತ್ತಿರುವ ಮೂರ್ಛೆರೋಗದಿಂದ ಬಿಡಿಸು. ಆ ಮಗು ಹೊಸ ಜೀವನಕ್ಕೆ ಕಾಲಿಡುವ ಮೊದಲು ಆಕೆಯನ್ನು ಸ್ವಸ್ಥಮಾಡು."

"ಕಾಡಿದ್ದ" ಎಂದು ಹೇಳಬೇಕಿತ್ತು, ಸುಗುಣಕ್ಕ. "ಕಾಡುತ್ತಿರುವ" ಎಂದೆ. ನೀವು ಹೇಳಿದ್ದು ನನಗೆ ಸರಿಯಾಗಿ ನೆನಪಿತ್ತು. ನಾಲಿಗೆಯ ತುದಿಯಲ್ಲಿ ಎರಡು ಮಾತೂ ಇದ್ದವು, ನಾನು ಎರಡನೆಯದನ್ನು ಆರಿಸಿಕೊಂಡೆ. ಇಲ್ಲಿ ಬರೆಯುವಾಗ ಆ ಮಾತಿನ ಕೆಳಗೆ ಗೆರೆ ಎಳೆದಿದ್ದೇನೆ.

ಎಲ್ಲರೂ "ಆಮೆನ್" ಎಂದರು. ನಾನು ನಿಮ್ಮ ಕೈ ಒತ್ತಿದೆ.

ನೀವು ಕೈ ಬಿಡಿಸಿಕೊಂಡು ಎದ್ದು ಹೋಗುತ್ತೀರಿ ಎಂದುಕೊಂಡೆ. ನೀವು ಹೋಗಲಿಲ್ಲ. "ಕರ್ತನೇ, ನನ್ನ ತಂಗಿ ವಿಮಲಾ ನನ್ನ ಮಗಳನ್ನು ನೆನೆಸಿಕೊಂಡದ್ದಕ್ಕೆ ನಿನಗೆ ಸ್ತೋತ್ರ" ಎಂದಿರಿ. ಅಷ್ಟನ್ನೇ ಹೇಳಿ ಮುಂದಿನವರ ಕೈ ಒತ್ತಿದಿರಿ. ಎಮಿಲಿಯಮ್ಮ ಆವತ್ತು ಚಹಾ ಕುಡಿಯದೆ ಹೋದರು.

ಇಲ್ಲಿಗೆ ನಿಂತಿದ್ದರೂ ಆಗುತ್ತಿತ್ತು. ಮರುದಿನ ಎಮಿಲಿಯಮ್ಮ ನನಗೆ ಫೋನ್ ಮಾಡಿದರು. ಇದು ನಿಮಗೆ ಗೊತ್ತಿಲ್ಲ.

"ಹುಡುಗಿಗೆ ಅದು ಈಗಲೂ ಬರ್ತದಾ ವಿಮಲಾ? ನೀನು ಅವರ ಮನೆಗೆ ಹೋಗಿ ಬರುವವಳಲ್ವಾ?"

"ಇಲ್ಲ" ಎಂಬ ಒಂದೇ ಮಾತು ಸಾಕಿತ್ತು. ಎಲ್ಲವನ್ನೂ ಸರಿಮಾಡಲು ದೇವರು ನನಗೆ ಎರಡನೆಯ ಅವಕಾಶವನ್ನು ಮನೆಯ ಫೋನಿಗೇ ಕಳಿಸಿಕೊಟ್ಟಿದ್ದ. ನಾನು ಹೇಳಿದ್ದು — "ನನಗೆಂತ ಗೊತ್ತು ಎಮಿಲಿಯಮ್ಮ, ದೇವರಿಗೆ ಗೊತ್ತು."

ಆ ವರ್ಷದ ಕ್ಯಾರಲ್ಸ್ ನಿಮಗೆ ನೆನಪಿರಬೇಕು. ಕಾರುಗಳಲ್ಲಿ ತುಂಬಿಕೊಂಡು ರುವಿಯಿಂದ ವಾದಿ ಕಬೀರಿನವರೆಗೆ ಮನೆ ಮನೆ ಸುತ್ತಿದೆವು. ಕೆಳಮನೆಯವರಿಗೆ ತೊಂದರೆಯಾಗಬಾರದೆಂದು ಮೆಟ್ಟಿಲ ಮೇಲೆ ಪಿಸುಗುಟ್ಟಿ, ಬಾಗಿಲು ಮುಚ್ಚಿದ ಮೇಲೆ ಗಂಟಲು ಬಿಡುವುದು. ಒಂದು ಕಟ್ಟಡದಲ್ಲಿ ಕೆಳಮನೆಯ ಒಮಾನಿ ಮುದುಕರೇ ಬಾಗಿಲು ತೆರೆದು, "ಯಲ್ಲಾ, ಯಲ್ಲಾ, ಹಾಡಿ" ಎಂದು ಕೈಬೀಸಿ ಹಲ್ವಾ ಕೊಟ್ಟರು. ಎಲ್ಲರೂ ನಗುತ್ತಲೇ ಎಮಿಲಿಯಮ್ಮನ ಮನೆಗೆ ಬಂದೆವು. ಮೃದುಲಾ ಮುಂದಿನ ಸಾಲಿನಲ್ಲಿ ನಿಂತಿದ್ದಳು, ಮೊದಲ ಸ್ವರ ಎತ್ತಬೇಕಾದವಳು ಅವಳೇ. ಎಮಿಲಿಯಮ್ಮ ಒಳಗಿನಿಂದ ಒಂದು ಕುರ್ಚಿ ತಂದರು.

"ನೀನು ಕೂತ್ಕೊ ಮಗಾ. ನಿಂತ್ರೆ ನಿಂಗೆ ಕಷ್ಟ."

ಮಾತಿನಲ್ಲಿ ಕಹಿ ಇರಲಿಲ್ಲ. ಅದೇ ಹೆಚ್ಚು ಚುಚ್ಚಿತು. ಮೃದುಲಾ ಒಮ್ಮೆ ನಿಮ್ಮ ಮುಖ ನೋಡಿದಳು, ಒಮ್ಮೆ ರಂಜನನ ಮುಖ ನೋಡಿದಳು, ಆಮೇಲೆ ಕೂತಳು. ನಾವೆಲ್ಲ ನಿಂತು ಹಾಡಿದೆವು, ನಡುವೆ ಅವಳೊಬ್ಬಳು ಕೂತು ಹಾಡಿದಳು. ಇಪ್ಪತ್ತೆರಡರ ಹುಡುಗಿ. ಆ ಹಾಡನ್ನು ನಾನು ಪೂರ್ತಿ ಹಾಡಿದೆ, ಒಂದು ಸಾಲೂ ತಪ್ಪಲಿಲ್ಲ.

ಹೊಸ ವರ್ಷ ಕಳೆಯುವಷ್ಟರಲ್ಲಿ ನಿಮ್ಮ ಯಜಮಾನರು ನಮ್ಮವರ ಹತ್ತಿರ, "ಖಲಾಸ್, ಆ ವಿಷಯ ಅಲ್ಲಿಗೆ ಮುಗೀತು" ಎಂದರಂತೆ. ಈಸ್ಟರಿನ ಬೆಳಗ್ಗೆ ಕತ್ತಲಿರುವಾಗಲೇ ಸಮುದ್ರ ತೀರದಲ್ಲಿ ಆರಾಧನೆ, ಆಮೇಲೆ ಮೊಟ್ಟೆ ಮತ್ತು ಬನ್ನು — ಅದಕ್ಕೆ ನೀವು ಇರಲಿಲ್ಲ. ಕಂಪೆನಿಯವರನ್ನು ಕೇಳಿಕೊಂಡು ದೂರದ ಸಲಾಲಾಕ್ಕೆ ವರ್ಗ ಮಾಡಿಸಿಕೊಂಡಿದ್ದಿರಿ. ಹೊರಡುವ ದಿನ ನನ್ನನ್ನು ಅಪ್ಪಿಕೊಂಡು, "ನಮ್ಮನ್ನು ಪ್ರಾರ್ಥನೆಯಲ್ಲಿ ನೆನೆಸು" ಎಂದಿರಿ. ಪೀಠದ ಬಟ್ಟೆಗೆ ಇಸ್ತ್ರಿ ಹಾಕುವ ಕೆಲಸ ಆಮೇಲೆ ನನಗೆ ಬಂತು, ಯಾರೂ ಜಗಳಕ್ಕೆ ಬರಲಿಲ್ಲ.

ನನ್ನ ತಂಗಿಗೆ ಆ ಹುಡುಗ ಸಿಕ್ಕಿದನೇ? ಇಲ್ಲ. ರಂಜನ್ ಬೊಂಬಾಯಿಯ ಹುಡುಗಿಯನ್ನು ಮದುವೆಯಾದ. ಆ ಮದುವೆಯ ಊಟವನ್ನೂ ನಾನು ಉಂಡು ಬಂದೆ.

ಇಷ್ಟು ಕಾಲ ನಾನೊಂದು ಸಮಾಧಾನ ಇಟ್ಟುಕೊಂಡಿದ್ದೆ. ಹೇಗೂ ಸುಗುಣಕ್ಕ ಹೇಳಲೇಬೇಕಿತ್ತು, ಹೇಗೂ ಎಮಿಲಿಯಮ್ಮ ಬೇಡವೆನ್ನುತ್ತಿದ್ದರು, ನಾನು ಸ್ವಲ್ಪ ಮುಂಚೆ ಹೇಳಿದೆ — ಇಷ್ಟೇ ಎಂದು. ನಾವೆಲ್ಲ ಊರಿಗೆ ಮರಳಿ ಎಷ್ಟೋ ಕಾಲವಾದ ಮೇಲೆ, ಕಳೆದ ತಿಂಗಳು ಮಂಗಳೂರಿನ ಮದುವೆಮನೆಯಲ್ಲಿ ಮೃದುಲಾ ನನ್ನ ಪಕ್ಕದಲ್ಲಿ ಬಂದು ಕೂತಳು. ಕೂದಲು ನರೆತಿದೆ. ಶಾಲೆಯ ಮಕ್ಕಳ ಕತೆ ಹೇಳಿ ನನ್ನನ್ನು ನಗಿಸಿದಳು. ನಿಮ್ಮ ಮಂಡಿನೋವಿನ ವಿಷಯ ಹೇಳಿದಳು. ಹಳೆಯ ಮಾತು ಹೇಗೋ ಬಂತು.

"ಎಮಿಲಿ ಆಂಟಿಗೆ ಮೊದಲೇ ಗೊತ್ತಿತ್ತು ಆಂಟಿ. ಕೂಟಕ್ಕೆ ಎರಡು ದಿನ ಮುಂಚೆ ಅಮ್ಮ ಹೋಗಿ ಎಲ್ಲ ಹೇಳಿ ಬಂದಿದ್ರು. ಸಣ್ಣದಿರುವಾಗ ಇತ್ತು, ಈಗ ಇಲ್ಲ ಅಂತ. ಅವರು ಒಪ್ಪಿದ್ರು. ರಂಜನನಿಗೆ ನಾನೇ ಹೇಳಿದ್ದೆ. ಮತ್ತೆ ನಿಮ್ಮ ಪ್ರಾರ್ಥನೆ ಕೇಳಿ ಅವರಿಗೆ ಡೌಟ್ ಬಂತು. 'ನಿಮ್ಮ ಮಾತು ನಂಬುದಾ, ವಿಮಲಾ ದೇವರ ಮುಂದೆ ಹೇಳಿದ್ದನ್ನು ನಂಬುದಾ?' ಅಂತ ಅಮ್ಮನ ಹತ್ರ ಕೇಳಿದ್ರಂತೆ."

ಹೇಳುತ್ತಾ ನಕ್ಕಳು. ನನ್ನ ಮುಖ ಬಾಡಿದ್ದನ್ನು ಕಂಡು, "ಅಯ್ಯೋ, ನೀವು ಬೇಜಾರು ಮಾಡ್ಬೇಡಿ. ನೀವು ಪ್ರೀತಿಯಿಂದ ಹೇಳಿದ್ದು ಅಂತ ಅಮ್ಮ ಯಾವಾಗ್ಲೂ ಹೇಳ್ತಾರೆ" ಎಂದು ನನ್ನ ಬೆನ್ನು ಸವರಿದಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಮದುವೆಮನೆ, ಜನ ಇದ್ದರು — ಇಲ್ಲ, ಅದಲ್ಲ. ಧೈರ್ಯ ಇರಲಿಲ್ಲ.

ಅವಳು ಸುಖವಾಗಿದ್ದಾಳೆ, ಒಂಟಿಯಾಗಿಯೇ ಚೆನ್ನಾಗಿ ಬಾಳಿದ್ದಾಳೆ. ಅದು ಅವಳ ಗಟ್ಟಿತನ, ನನ್ನ ಪಾಪಕ್ಕೆ ರಿಯಾಯಿತಿ ಅಲ್ಲ. ಅವಳ ಸಂಬಂಧ ಮುರಿದದ್ದು ಕಾಯಿಲೆಯಿಂದ ಎಂದು ನಾನು ಮೂವತ್ತು ಚಿಲ್ಲರೆ ವರ್ಷ ನಂಬಿ ಮಲಗಿದೆ. ಮುರಿದದ್ದು ಕಾಯಿಲೆಯಿಂದ ಅಲ್ಲ. ಹೆದರಿಕೆಯನ್ನು ನುಂಗಿಕೊಂಡು ಆ ಮನೆಗೆ ಹೋಗಿ ನಿಜ ಹೇಳಿ ಬಂದ ನಿಮ್ಮನ್ನು ನಾನು ಸುಳ್ಳು ಹೇಳಿದವಳನ್ನಾಗಿ ಮಾಡಿದೆ. ಅದೂ ನಿಮ್ಮ ಕೈ ಹಿಡಿದುಕೊಂಡು.

ಎಮಿಲಿಯಮ್ಮ ಈಗ ಉಡುಪಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ತೊಂಬತ್ತರ ಹತ್ತಿರ, ಕಿವಿ ಮಂದವಂತೆ, ನೆನಪು ಚುರುಕಾಗಿದೆಯಂತೆ. ಈ ಕಾಗದವನ್ನು ಇವತ್ತೇ ನಿಮಗೆ ಕೊಟ್ಟು ಕಳಿಸುತ್ತೇನೆ, ನಾಳೆ ಅಲ್ಲಿಗೆ ಹೋಗುತ್ತೇನೆ. ಎಷ್ಟು ಗಟ್ಟಿಯಾಗಿ ಹೇಳಬೇಕೋ ಅಷ್ಟು ಗಟ್ಟಿಯಾಗಿ, ಅವರ ಮನೆಯವರೆಲ್ಲ ಕೇಳಿಸಿಕೊಂಡರೂ ಸರಿ, ಹೇಳುತ್ತೇನೆ. ಅಲ್ಲಿಂದ ನಿಮ್ಮ ಮನೆಗೆ ಬರುತ್ತೇನೆ. ಮೃದುಲಾ ಶಾಲೆಯಿಂದ ಬರುವವರೆಗೆ ಕಾದು ಕೂರುತ್ತೇನೆ, ಅವಳೂ ಕೇಳಬೇಕು. ನನ್ನನ್ನು ಕ್ಷಮಿಸಲು ಅವಸರ ಮಾಡಬೇಡಿ, ಅದು ನಿಮ್ಮ ಕೆಟ್ಟ ಅಭ್ಯಾಸ. ಬಾಗಿಲು ತೆರೆಯದಿದ್ದರೂ ಹೊರಗೆ ನಿಂತು ಹೇಳಿ ಹೋಗುತ್ತೇನೆ — ಸುಳ್ಳು ಹೇಳಿದವಳು ನಾನು, ಸುಗುಣಕ್ಕ. ನೀವಲ್ಲ.