ನೀರು ಕಾಣದ ರಾಟೆ

ಸಂತೆಮರಹಳ್ಳಿಯ ಪುಟ್ಟಮಾದು ಮೀನು ಹಿಡಿಯುವವರಿಗೆ ಮರದ ರಾಟೆ ಮಾಡಿಕೊಡುತ್ತಾನೆ. ಅಂಗೈಯಗಲದ ಗಾಲಿ, ನಡುವೆ ಅಚ್ಚು, ಪಕ್ಕದಲ್ಲೊಂದು ಹಿಡಿ. ಗಾಳದ ದಾರ ಅದಕ್ಕೆ ಸುತ್ತಿಕೊಳ್ಳುತ್ತದೆ. ಪೇಟೆಯಲ್ಲಿ ಪ್ಲಾಸ್ಟಿಕ್ಕಿನದು ಸಿಗುವಾಗ ಇವನ ಹತ್ತಿರ ಯಾರು ಬರುತ್ತಾರೆ ಅಂತ ನಾನೇ ನಕ್ಕಿದ್ದೆ. ಬರುತ್ತಾರೆ. ಬೇಗೂರಿನಿಂದ ಬಸ್ಸು ಹತ್ತಿ ಬರುತ್ತಾರೆ. ಕಾರಣ ಇಷ್ಟೆ: ಕೊರೆದ ಗಾಲಿಯನ್ನು ಅವನು ಎಂಟು ದಿನ ಕೆರೆ ನೀರಿನಲ್ಲಿ ಮುಳುಗಿಸಿ, ಎಂಟು ದಿನ ನೆರಳಿನಲ್ಲಿ ಒಣಗಿಸುತ್ತಾನೆ. ಸೀಳುವ ಮರವಾದರೆ ಅಷ್ಟರಲ್ಲಿ ಸೀಳಿಬಿಡುತ್ತದೆ, ಅದು ಒಲೆಗೆ. ಉಳಿದದ್ದಕ್ಕೆ ಮಾತ್ರ ಅಚ್ಚು. ರಾಟೆಗೆ ನಿನ್ನದೊಂದು ಗುರುತು ಹಾಕಪ್ಪಾ ಎಂದರೆ, "ನನ್ ಕೈಯೇ ಗುರ್ತು ಕಣ್ಲಾ" ಎನ್ನುವ ಜಂಬ ಬೇರೆ.

ಹೋದ ವರ್ಷ ದೊಡ್ಡಮಲ್ಲಮ್ಮನ ಮನೆಯಳಿಯ ಸುನೀಲ್ ಕುಮಾರ್ ಬಂದು, "ಅತ್ತೆ ನಿಮ್ದೇ ರಾಟೆ ಬೇಕಂತವ್ರೆ, ನಾಳಿಕೇ ಬೇಕು" ಎಂದು ಕೂತ. ದೊಡ್ಡಮಲ್ಲಮ್ಮ ಗಂಡ ಸತ್ತ ಮೇಲೂ ಕೆರೆಯಲ್ಲಿ ಗಾಳ ಹಾಕಿ ಮೀನು ಮಾರುವ ಗಟ್ಟಿಗಿತ್ತಿ. ಪುಟ್ಟಮಾದುವಿನ ಹತ್ತಿರ ಇದ್ದದ್ದು ಇನ್ನೂ ನೀರು ಕಾಣದ ಗಾಲಿ ಒಂದೇ. ಇಲ್ಲ ಎನ್ನಲು ಜಂಬ ಬಿಡಲಿಲ್ಲ. ಅಚ್ಚು ಹಾಕಿ ಕೊಟ್ಟುಬಿಟ್ಟ.

ಕೆರೆಯಲ್ಲಿ ನೆನೆದು ಬಿಸಿಲಿಗೆ ಒಣಗಿ, ಐದನೆಯ ದಿನ ದೊಡ್ಡ ಮೀನೊಂದು ಎಳೆದಾಗ ಗಾಲಿ ಎರಡು ಹೋಳಾಯಿತು. ದಾರವೂ ಹೋಯಿತು, ಮೀನೂ ಹೋಯಿತು. ದೊಡ್ಡಮಲ್ಲಮ್ಮ ಹೋಳುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ಅಳಿಯನನ್ನೂ ಎಳೆದುಕೊಂಡು ಪುಟ್ಟಮಾದುವಿನ ಜಗಲಿಗೆ ಬಂದಳು. ಅಲ್ಲಿ ಬೇಗೂರಿನ ಗಿರಾಕಿಗಳು ಮೂವರು ಕೂತಿದ್ದರು. ನಾನೂ ಇದ್ದೆ.

"ಇದು ನಿನ್ ಕೈದಾ ಮಾದಣ್ಣ? ಇವ್ನು ನಿನ್ನತ್ರಾನೇ ತಂದೆ ಅಂತಾನೆ. ಪ್ಯಾಟೆ ಕಸವ ತಂದು ನಂಗೇ ಟೋಪಿ ಆಕವ್ನೆ ಅಂತ ನನ್ ಅನ್ಮಾನ."

ಪುಟ್ಟಮಾದು ಗಿರಾಕಿಗಳ ಮುಖ ನೋಡಿದ. ಹೋಳನ್ನು ಎರಡು ಸಲ ತಿರುಗಿಸಿ ನೋಡಿದ. "ನಂದಲ್ಲ ಕಣವ್ವ" ಎಂದ.

ಸುನೀಲ್ ಜಗಲಿಯಿಂದ ಇಳಿದು ನಡೆದ. ಮನೆಯಳಿಯನ ಮಾತಿಗೆ ಊರಲ್ಲಿ ಎಷ್ಟು ತೂಕವೆಂದು ಅವನಿಗೆ ಗೊತ್ತು. ಮಾರನೆಯ ದಿನವೇ ಅತ್ತೆ ಅವನ ಬಟ್ಟೆಗಂಟನ್ನು ಹೊರಗಿಟ್ಟಳು. ಅವನು ಚಾಮರಾಜನಗರದ ಅಣ್ಣನ ಮನೆ ಸೇರಿದ. ಹೆಂಡತಿ ವನಿತಾ ಜೊತೆಗೆ ಹೋಗಲಿಲ್ಲ.

ಇದು ಕಿವಿಗೆ ಬಿದ್ದ ಮೇಲೆ ಪುಟ್ಟಮಾದುವಿಗೆ ನಾಚಿಕೆಯಿಂದ ಉಳಿ ಹಿಡಿಯಲೂ ಕೈ ಬರಲಿಲ್ಲ. ಒಂದು ವಾರ ನುಂಗಿಕೊಂಡಿದ್ದು, ಕೊನೆಗೆ ನನ್ನ ಮುಂದೆ ಎಲ್ಲ ಕಕ್ಕಿದ. "ಒಬ್ನೇ ಓದ್ರೆ ಅರ್ಧ ದಾರಿಲೇ ವಾಪಸ್ ಬಂದ್ಬುಡ್ತೀನಿ. ಜೊತೇಲಿ ಬಾ, ಓಗನ" ಎಂದ. ನನಗೆ ಅವತ್ತೇ ಅನುಮಾನ ಬಂದಿತ್ತು. ಬಾಯಿ ಮುಚ್ಚಿಕೊಂಡಿದ್ದ ನಾನೂ ಏನು ಸಾಚಾ ಅಲ್ಲ.

ದೊಡ್ಡಮಲ್ಲಮ್ಮನ ಅಂಗಳದಲ್ಲಿ ನಿಂತು ಹೇಳಿದ: "ರಾಟೆ ನಂದೇ ಕಣವ್ವ. ನೀರ್ಗೆ ಆಕ್ದೆ ಕೊಟ್ಬುಟ್ಟೆ. ಜನದ್ ಮುಂದೆ ಮಾನ ಓಯ್ತದೆ ಅಂತ ಸುಳ್ಳೇಳ್ದೆ." ಅದೇ ಮರದ ಉಳಿದ ತುಂಡನ್ನೂ ತೋರಿಸಿದ.

ಅವಳು ನಕ್ಕುಬಿಟ್ಟಳು. "ಅವ್ನು ಬಂದು ನಿನ್ ಕಾಲ್ ಇಡ್ಕಂಡಿರ್ಬೇಕು. ಅವ್ನ ತಪ್ಪ ನಿನ್ ತಲೆ ಮ್ಯಾಲೆ ಆಕತಿದ್ದೀಯ. ನೀನು ಸುಳ್ಳೇಳೋನಾ ಮಾದಣ್ಣ? ಊರೇ ಬಲ್ದು." ಒಳಗೆ ತಿರುಗಿ, "ಮಜ್ಗೆ ತಕಬಾ ಕಣಮ್ಮಿ. ಮನುಸ್ರು ಅಂದ್ರೆ ಇಂಗಿರ್ಬೇಕು" ಎಂದು ಮಗಳನ್ನು ಕರೆದಳು.

ಪುಟ್ಟಮಾದು ಇನ್ನೂ ಎರಡು ಸಲ ಬಿಡಿಸಿ ಹೇಳಿದ. ಅವಳು ಹೊಗಳುತ್ತಲೇ ಹೋದಳು. ಅಷ್ಟು ಕೆಟ್ಟ ಹೊಗಳಿಕೆಯನ್ನು ನಾನು ಬೇರೆಲ್ಲೂ ಕೇಳಿಲ್ಲ.

ವನಿತಾ ಮಜ್ಜಿಗೆ ತಂದಳು. ಲೋಟ ಕೊಡದೆ ಕೈಯಲ್ಲೇ ಹಿಡಿದುಕೊಂಡು ನಿಂತಳು.

"ಅವ್ರು ನನ್ ತಲೆ ಮುಟ್ಟಿ ಆಣೆ ಮಾಡಿದ್ರು ಮಾದಣ್ಣ, ನಿಮ್ಮತ್ರಾನೇ ತಂದೆ ಅಂತ. ನೀವು ಸುಳ್ಳೇಳಾಕಿಲ್ಲ ಅಂತ ನಾನೂ ಅವ್ರನ್ನ ನಂಬ್ಲಿಲ್ಲ."