ಗ್ರೆಗರಿ ಪೊರ್ಬುಗಳ ಎಡಪಕ್ಕೆಯ ನೀರು

ಗ್ರೆಗರಿ ಪೊರ್ಬುಗಳ ಸ್ವರಕ್ಕೆ ಮೈಕ್ ಹಿಡಿಯುವುದೆಂದರೆ ಮೈಕಿಗೇ ಅವಮಾನ. ಜೆಪ್ಪುವಿನಲ್ಲಿ ನಮ್ಮ ಆಚೆಮನೆಯವರು. ಕ್ರೈಸ್ತ ಹಿರಿಯರನ್ನು ಪೊರ್ಬು ಎನ್ನುವುದು ನಮ್ಮ ತುಳುವರ ವಾಡಿಕೆ. ಮದುವೆ, ಹುಟ್ಟುಹಬ್ಬ, ಇಗರ್ಜಿಯ ಪಿಕ್ನಿಕ್, ಎಲ್ಲಿ ಚೀಟಿಯಲ್ಲಿ ನಂಬರಿಗೆ ಗೀಟು ಹಾಕುವ ಹೌಸಿ ಆಟ ಉಂಟೋ ಅಲ್ಲಿ ಕೂಗಲು ಅವರೇ ಆಗಬೇಕು. ಒಂದೊಂದು ನಂಬರಿಗೂ ಒಂದೊಂದು ಬಾಲಂಗೋಚಿ. “ಇಲೆವೆನ್! ನಮ್ಮ ಲಿಲ್ಲಿಯ ಎರಡು ಕಾಲು!” ಎಂದಾಗ ಸಭೆಗೆ ಸಭೆಯೇ ನಗುತ್ತಿತ್ತು. ಹೆಂಡತಿ ಲಿಲ್ಲಿಬಾಯಿ ಮಾತ್ರ ಪ್ರತಿಸಲವೂ ಹೊಸದಾಗಿ ಸಿಟ್ಟಾಗುತ್ತಿದ್ದರು.

ಒಮ್ಮೆ ಒಂದು ಮದುವೆಯ ಮುನ್ನಾದಿನ, ಮದುಮಗಳಿಗೆ ತೆಂಗಿನಹಾಲು ಹಚ್ಚುವ ರೋಸ್ ಮುಗಿದು ಆಟ ಶುರುವಾಗಿತ್ತು. ಪೊರ್ಬುಗಳು “ಫಿಫ್ಟಿ” ಎಂದರು, ನಿಂತರು, ಉಸಿರೆಳೆದುಕೊಂಡರು, ಆಮೇಲೆ “ತ್ರೀ” ಎಂದರು. ಅಷ್ಟರೊಳಗೆ ಉಳ್ಳಾಲದ ಅಜ್ಜಿಯೊಬ್ಬರು ಐವತ್ತಕ್ಕೆ ಗೀಟು ಹಾಕಿ, ಚೀಟಿ ತುಂಬಿತೆಂದು “ಹೌಸಿ!” ಕೂಗಿ ಎದ್ದಾಗಿತ್ತು. ಬಹುಮಾನ ತನಗೇ ಎಂದು ಅವರು, ಸಾಧ್ಯವೇ ಇಲ್ಲ ಎಂದು ಇವರು. ಜಗಳ ರಂಗೇರುವಾಗ ಪೊರ್ಬುಗಳು ತಟ್ಟನೆ ಕುಳಿತು, ಎಡಪಕ್ಕೆ ಒತ್ತಿ ಹಿಡಿದು, “ಆಯ್ತು, ಕೊಡಿ ಅವರಿಗೆ” ಎಂದುಬಿಟ್ಟರು. ಲಿಲ್ಲಿಬಾಯಿ ಹೆದರಿದ್ದು ಆಗಲೇ. ವಾದದಲ್ಲಿ ಸೋತ ಗಂಡನನ್ನು ಅವರು ಅದುವರೆಗೆ ಕಂಡಿರಲಿಲ್ಲ.

“ಗ್ಯಾಸ್ ಮಾರಾಯ,” ಎಂದರು ಪೊರ್ಬುಗಳು ನನ್ನ ಹತ್ತಿರ. ಸೋಡಾ ಆಯಿತು, ಜೀರಿಗೆ ಕಷಾಯ ಆಯಿತು. ಕೊನೆಗೆ ನಾನೇ ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ದೆ. ಎಕ್ಸ್‌ರೇ ನೋಡಿದ ಡಾಕ್ಟರಮ್ಮ, ಎಡ ಶ್ವಾಸಕೋಶದ ಸುತ್ತ ನೀರು ತುಂಬಿದೆ ಎಂದರು.

“ನೀರಾ? ನಾನು ನೀರು ಕುಡಿಯುವುದೇ ಕಮ್ಮಿ. ಬೇಕಾದ್ರೆ ಲಿಲ್ಲಿಯ ಹತ್ರ ಕೇಳಿ.”

ಬೆನ್ನಿಗೆ ಸೂಜಿ ಹಾಕಿ ಹಳದಿ ನೀರನ್ನು ತೆಗೆದರು. ಈ ಪ್ರಾಯದಲ್ಲಿ ಹೃದಯದ ತೊಂದರೆ ಇರಬಹುದು, ಕ್ಯಾನ್ಸರ್ ಇರಬಹುದು, ಟಿಬಿಯೂ ಇರಬಹುದು. ಹಿರಿಯರಲ್ಲಿ ಟಿಬಿ ಯಾವಾಗಲೂ ಜ್ವರ, ಕೆಮ್ಮು ಎಂದು ಡಂಗುರ ಸಾರಿಕೊಂಡು ಬರುವುದಿಲ್ಲ ಎಂದರು ಡಾಕ್ಟರಮ್ಮ. ಹೃದಯ ಸರಿಯಿತ್ತು. ನೀರಿನ ಪರೀಕ್ಷೆಯಿಂದ ಸಂಶಯ ತೀರಲಿಲ್ಲ. ಶ್ವಾಸಕೋಶದ ಹೊರಪೊರೆಯ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳಿಸಿದರು.

“ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತಾ?” ಎಂದು ಕೇಳಿದಾಗ ಪೊರ್ಬುಗಳಿಗೆ ರೇಗಿಹೋಯಿತು. “ನಮ್ಮ ಮನೆಯಲ್ಲಾ? ಛೆ!”

ವರದಿ ಬರುವವರೆಗೆ ಆ ಮನೆಯಲ್ಲಿ ಎರಡು ಪಕ್ಷ. ಟಿಬಿಯಾದರೆ ಮಾತ್ರೆಯಲ್ಲಿ ಗುಣವಾಗುತ್ತದಲ್ಲ, ಟಿಬಿಯೇ ಇರಲಿ ಎಂದು ಲಿಲ್ಲಿಬಾಯಿ ಜಪಮಾಲೆ ಹಿಡಿದರು. ಪೊರ್ಬುಗಳು ಪಕ್ಕದಲ್ಲೇ ಕುಳಿತು ಅದಕ್ಕೆ ತದ್ವಿರುದ್ಧ ಪ್ರಾರ್ಥಿಸುತ್ತಿದ್ದರು. “ಕ್ಯಾನ್ಸರ್ ಆದ್ರೆ ಜನ ಹಣ್ಣು ತಗೊಂಡು ನೋಡ್ಲಿಕ್ಕೆ ಬರ್ತಾರೆ. ಟಿಬಿ ಅಂದ್ರೆ ನಾನು ಹಿಡಿದ ಮೈಕ್ ಯಾರು ಮುಟ್ತಾರೆ ಹೇಳು?” ದೇವರ ಪಾಡು ಯಾರಿಗೂ ಬೇಡ ಅನ್ನಿಸಿತು ನನಗೆ.

ಟಿಬಿ ಎಂದೇ ಬಂತು. ಲಿಲ್ಲಿಬಾಯಿ ಖುಷಿಗೆ ಡಾಕ್ಟರಮ್ಮನ ಕೈ ಹಿಡಿದು ಅತ್ತುಬಿಟ್ಟರು. ಪೊರ್ಬುಗಳು ನೆಲ ನೋಡುತ್ತಿದ್ದರು.

“ನನ್ನ ಅಕ್ಕ ಸೆಲಿನ್‌ಗೆ ಇತ್ತು,” ಎಂದರು. “ಮನೆಯಲ್ಲಿ ವೀಕ್ನೆಸ್ ಅಂತ ಹೇಳ್ತಿದ್ರು. ಉಳಿದ ಹೆಣ್ಣುಮಕ್ಕಳಿಗೆ ಮದುವೆ ಆಗಬೇಕಲ್ಲ. ನಾನು ಸಣ್ಣವ, ಅವಳ ಪಕ್ಕದಲ್ಲೇ ಮಲಗ್ತಿದ್ದದ್ದು. ಸತ್ತ ಮೇಲೂ ನಾವು ವೀಕ್ನೆಸ್ ಅಂತಲೇ ಹೇಳಿದೆವು.”

“ನನಗೂ ಹೇಳಲಿಲ್ಲ ನೀವು,” ಎಂದರು ಲಿಲ್ಲಿಬಾಯಿ, ಮೆಲ್ಲಗೆ.

ಬಾಲ್ಯದಲ್ಲಿ ಹೊಕ್ಕ ರೋಗಾಣು ಅಷ್ಟು ಕಾಲ ಮಲಗಿದ್ದು ಮುಪ್ಪಿನಲ್ಲಿ ಏಳುವುದುಂಟು, ಕಫದಲ್ಲಿ ಏನೂ ಸಿಕ್ಕಿಲ್ಲ, ಇನ್ನೊಬ್ಬರಿಗೆ ಹರಡುವ ಸಂಭವ ಕಮ್ಮಿ, ಹೆದರಬೇಡಿ ಎಂದು ಡಾಕ್ಟರಮ್ಮ ಸಮಾಧಾನ ಹೇಳಿದರು. ಅಷ್ಟು ದೊಡ್ಡ ಬಾಯಿಯ ಮನುಷ್ಯ ಇಷ್ಟು ಕಾಲ ಇದೊಂದನ್ನು ನುಂಗಿಕೊಂಡಿದ್ದರಲ್ಲ ಎಂದು ನನಗೆ ಸಂಕಟವಾಯಿತು.

ಮಾತ್ರೆ ಶುರುವಾಯಿತು. ಅದರಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ದನ್ನು ಪೊರ್ಬುಗಳು ಕಂಪೌಂಡಿನ ಆಚೆಯಿಂದ ನನಗೆ ಕೂಗಿ ಹೇಳಿದಾಗಲೇ ಉಸಿರು ಮರಳುತ್ತಿದೆ ಎಂದು ಗೊತ್ತಾಯಿತು. ಕೋರ್ಸ್ ಮುಗಿಸಿ, ಇಗರ್ಜಿಯ ಕೂಟದಲ್ಲಿ ಮತ್ತೆ ಮೈಕ್ ಹಿಡಿದರು. ಮೊದಲ ನಂಬರಿಗೆ ಮುಂಚೆ, “ನನಗೆ ಟಿಬಿ ಇತ್ತು, ಗುಣ ಆಯಿತು. ನನ್ನ ಅಕ್ಕ ಸೆಲಿನ್‌ಗೂ ಇತ್ತು, ಅವಳಿಗೆ ಗುಣ ಆಗಲಿಲ್ಲ. ಇನ್ನು ನಿಮ್ಮ ನಿಮ್ಮ ಟಿಕೆಟ್ ನೋಡಿಕೊಳ್ಳಿ,” ಎಂದರು. ಯಾರೂ ಎದ್ದು ಹೋಗಲಿಲ್ಲ.

ಕಳೆದ ತಿಂಗಳು ಹೃದಯಾಘಾತವಾಗಿ ತೀರಿಹೋದರು. ಮಾತಾಡಿಸಲು ಬಂದವರೊಬ್ಬರು ಲಿಲ್ಲಿಬಾಯಿಯ ಕಿವಿಯ ಹತ್ತಿರ ಬಗ್ಗಿ, “ಅದೇ ಕಾಯಿಲೆಯಾ?” ಎಂದು ಪಿಸುಗುಟ್ಟಿದರು.

“ಟಿಬಿಯಾ? ಅದು ಪೂರಾ ಗುಣ ಆಗಿತ್ತು. ಇದು ಹಾರ್ಟ್,” ಎಂದರು ಲಿಲ್ಲಿಬಾಯಿ, ಅಂಗಳದಲ್ಲಿದ್ದ ನಮಗೂ ಕೇಳುವ ಹಾಗೆ. “ಜೋರಾಗಿಯೇ ಕೇಳಿ ಮಾರಾಯ್ರೆ, ಈ ಮನೆಯಲ್ಲಿ ಇನ್ನು ಗುಟ್ಟು ಎಂತದೂ ಇಲ್ಲ.”